ಐವತ್ತನೇ ನಂಬರಿನ ಇಬ್ಬರು

ದಂತವೈದ್ಯರ ಕಾಯುವ ಕೋಣೆಯಲ್ಲಿ ಬಸ್ ಕಂಡಕ್ಟರನೊಬ್ಬ ಬಾತ ಕೆನ್ನೆಗೆ ಕೈಯೊತ್ತಿ, ನಾಲ್ಕನೇ ಟೋಕನ್ ಹಿಡಿದು ಕೂತಿದ್ದ. ಪಕ್ಕದಲ್ಲೇ ಏಣಿ ಹತ್ತಿದ್ದ ವೈಫೈ ರಿಪೇರಿಯವನನ್ನು ನರ್ಸಮ್ಮ ಕೆಳಗಿನಿಂದಲೇ ವಿಚಾರಿಸಿಕೊಳ್ಳುತ್ತಿದ್ದಳು.

“ಮೊನ್ನೆ ಈ ವೈಫೈ ಡಬ್ಬಿಗೆ ಯಾವ ಐಪಿ ನಂಬರ್ ಕೊಟ್ಟೆ?”

“ಕೊನೇಲಿ ಐವತ್ತು, ಸಿಸ್ಟರ್. ನೆನಪಿಟ್ಕೊಳ್ಳೋಕೆ ಸುಲಭ.”

“ಎಕ್ಸ್‌ರೇ ಮಿಷನ್‌ಗೆ?”

“ಅದಕ್ಕೂ... ಅಯ್ಯೋ, ಐವತ್ತೇ.”

“ಒಂದೇ ಸೀಟಿಗೆ ಇಬ್ಬರನ್ನ ಕೂರಿಸಿದ್ದೀಯಲ್ಲೋ ಮಹಾನುಭಾವ! ಎರಡು ದಿನದಿಂದ ಡಾಕ್ಟರ ಪರದೆಗೆ ಒಂದು ಎಕ್ಸ್‌ರೇನೂ ಬಂದಿಲ್ಲ.”

ಸೀಟಿನ ಮಾತು ಬಂದದ್ದೇ ಕಂಡಕ್ಟರನ ಕಿವಿ ನೆಟ್ಟಗಾಯಿತು.

“ಮತ್ತೆ ಹಲ್ಲು ಹೇಗೆ ಕೀಳ್ತಿದ್ರು?” ಎಂದ ರಿಪೇರಿಯವನು.

“ಅಂದಾಜಿನ ಮೇಲೆ.”

“ಯಾರೂ ಜಗಳಕ್ಕೆ ಬರ್ಲಿಲ್ವಾ?”

“ಬಾಯ್ತುಂಬ ಹತ್ತಿ ತುರುಕಿ ಕಳಿಸಿದ್ದೀವಿ. ಏನಂತ ಜಗಳ ಆಡ್ತಾರೆ?”

“ಸರಿ, ಡಬ್ಬಿಗೆ ಐವತ್ತೊಂದು ಹಾಕ್ತೀನಿ.”

“ಅದನ್ನ ಬೇರೆ ಯಾವುದಕ್ಕೂ ಕೊಟ್ಟಿಲ್ಲ ತಾನೆ?”

ಅವನು ಏಣಿಯ ಮೇಲೆಯೇ ತಲೆ ಕೆರೆದುಕೊಂಡ. “ಡಾಕ್ಟರ ಕಂಪ್ಯೂಟರಿಗೆ ಕೊಟ್ಟ ಹಾಗಿದೆ. ನೋಡೇ ಬಿಡೋಣ, ಬನ್ನಿ.”

ಅವನು ಏಣಿ ಇಳಿದ; ಇಬ್ಬರೂ ಒಳಗೆ ಹೊರಟರು. ನರ್ಸಮ್ಮ ಬಾಗಿಲಲ್ಲಿ ತಿರುಗಿ, “ನಾಲ್ಕನೇ ಟೋಕನ್ ಯಾರ್ರೀ? ಡಾಕ್ಟರು ಕರೀತಿದ್ದಾರೆ” ಎಂದಳು.

ಕಂಡಕ್ಟರ ತನ್ನ ಟೋಕನನ್ನು ಪಕ್ಕದಲ್ಲಿ ತೂಕಡಿಸುತ್ತಿದ್ದವನ ಜೇಬಿಗೆ ಮೆಲ್ಲಗೆ ಇಳಿಬಿಟ್ಟ.

“ಇವರದ್ದು” ಎಂದ.