ಜವಳಕ್ಕೆ ಕಾದ ಕೂದಲು

ಒಬ್ಬ ಶ್ರೀಮಂತ ಹಿಂದೊಮ್ಮೆ ಮನೆದೇವರ ಮುಂದೆ ನಿಂತು ಮಾತು ಕೊಟ್ಟಿದ್ದ. "ಒಂದು ಮಗು ಕೊಡಪ್ಪ. ಅದರ ಮೊದಲ ಕೂದಲು ನಿನಗೇ ಒಪ್ಪಿಸ್ತೀನಿ. ಜವಳ ಆಗೋವರೆಗೆ ಮೈಗೆ ಕಬ್ಬಿಣ ಸೋಕಿಸಲ್ಲ."

ವರ್ಷಗಟ್ಟಲೆ ಕಾದ ಮೇಲೆ ಗಂಡು ಮಗುವಾಯಿತು. ಕಾದು ಪಡೆದ ಮಗುವನ್ನು ಹೇಗೆ ಸಾಕುತ್ತಾರೆಂದು ನಿಮಗೆ ಹೇಳಬೇಕೇ? ತಾಯಿ ದಿನಾ ಕೊಬ್ಬರಿ ಎಣ್ಣೆ ಹಚ್ಚಿ, ಆ ಗುಂಗುರು ಕೂದಲಿಗೆ ಪುಟ್ಟ ಜುಟ್ಟು ಕಟ್ಟುತ್ತಿದ್ದಳು.

ವರ್ಷದೊಳಗೆ ಜವಳ ಆಗಬೇಕಿತ್ತು. ಮನೆಗೆ ಸೂತಕ ಬಂತು. ಇನ್ನು ಮೂರನೇ ವರ್ಷಕ್ಕೇ ಎಂದರು ಹಿರಿಯರು. ಅಷ್ಟರಲ್ಲಿ ಊರಲ್ಲಿ ದಡಾರ ಎದ್ದಿತು. ನರ್ಸಮ್ಮ ಬಾಗಿಲಿಗೆ ಬಂದಳು.

"ಯಜಮಾನ್ರೇ, ದಡಾರದ ಚುಚ್ಚುಮದ್ದು ಒಂಬತ್ತು ತಿಂಗಳಿಗೇ ಹಾಕಿಸ್ಬೇಕಿತ್ತು. ಈಗಲಾದ್ರೂ ಮಗೂನ ಕರ್ಕೊಂಡ್ಬನ್ನಿ."

"ಜವಳ ಆಗ್ಲಿ ತಾಯಿ."

"ಸೂಜಿ ಹಾಕೋದು ತೋಳಿಗೆ, ಜುಟ್ಟಿಗಲ್ಲ."

"ಕಬ್ಬಿಣ ಕಬ್ಬಿಣವೇ."

ಹೆಂಡತಿ ಮೆಲ್ಲಗೆ, "ರೀ, ಒಂದ್ಸಲ ಹೋಗಿ ಬರೋಣ್ವಾ?" ಎಂದಳು. ಅವನು ದೇವರ ಕೋಣೆಯ ಕಡೆ ನೋಡಿದ. ಅವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ನೋಡಿ, ರೋಗ ಸೂತಕ ಕೇಳುವುದಿಲ್ಲ, ಮುಹೂರ್ತ ಕೇಳುವುದಿಲ್ಲ. ಮಗುವಿಗೆ ಜ್ವರ ಬಂತು, ಮೈತುಂಬ ಕೆಂಪು ದದ್ದು ಎದ್ದವು, ಕೆಮ್ಮು ಎದೆಗಿಳಿಯಿತು. ಆಸ್ಪತ್ರೆಗೆ ಒಯ್ಯುವಾಗ ಉಸಿರೆಳೆದಾಗಲೆಲ್ಲ ಪಕ್ಕೆಗಳು ಒಳಸೇರುತ್ತಿದ್ದವು. ಸೂಜಿ ಹಾಕಲು ಕೈಯಲ್ಲಿ ನರ ಸಿಗಲಿಲ್ಲ. "ತಲೇಲಿ ಹುಡುಕ್ಬೇಕು, ಕೂದಲು ತೆಗೀಬೇಕಾಗುತ್ತೆ" ಎಂದರು ಡಾಕ್ಟರು, ಬ್ಲೇಡು ಹಿಡಿದು.

"ತೆಗೀರಿ ಸ್ವಾಮಿ. ಎಲ್ಲಾ ತೆಗೀರಿ. ಮಗು ಉಳಿಸಿಕೊಡಿ" ಎಂದ ತಂದೆ.

ಮಗು ಉಳಿಯಲಿಲ್ಲ. ನೆಲಕ್ಕೆ ಬಿದ್ದ ಕೂದಲನ್ನು ತಾಯಿ ಸೆರಗಿಗೆ ಕಟ್ಟಿಕೊಂಡಳು. ಇಂದಿಗೂ ದೀಪ ಹಚ್ಚಿದ ಮೇಲೆ ಆ ಕೂದಲಿಟ್ಟ ಕುಂಕುಮದ ಭರಣಿ ತೆರೆದು ಮೂಸುತ್ತಾಳೆ. ಎಣ್ಣೆಯ ವಾಸನೆ ಎಂದೋ ಹೋಗಿದೆ. ಆದರೂ ಮೂಸುತ್ತಾಳೆ.

ಕಬ್ಬಿಣ ಬೇಡವೆಂದು ದೇವರು ಕೇಳಿದ್ದನೇ? ಅವನೇನೂ ಕೇಳಿರಲಿಲ್ಲ. ಅದು ಇವನೇ ಸೇರಿಸಿದ ಮಾತು. ನಾವೂ ಹಾಗೆಯೇ ಅಲ್ಲವೇ? ಜವಳ ಆಗಲಿ, ಹಬ್ಬ ಮುಗಿಯಲಿ, ತಾಯಿ-ಮಗು ತವರಿನಿಂದ ಬರಲಿ, ಕೆಲಸಕ್ಕೆ ರಜೆ ಸಿಗಲಿ. ದಣಿದು ಮನೆಗೆ ಬಂದಾಗ, ಮಲಗಿದ ಮಗುವಿನ ತಲೆ ಸವರುತ್ತೇವಲ್ಲ, ಇಂದು ಹಾಗೆ ಸವರುವಾಗ ಕೇಳಿಕೊಳ್ಳಿ: ಇದಕ್ಕೆ ಸಲ್ಲಬೇಕಾದ ಚುಚ್ಚುಮದ್ದು ಯಾವುದಾದರೂ ಉಳಿದಿದೆಯೇ? ಉಳಿದಿದ್ದರೆ ಬೆಳಗಾಗುತ್ತಲೇ ಎತ್ತಿಕೊಂಡು ಹೋಗಿ. ಮಗುವಿಗೆ ಉಸಿರು ಏರಿದರೆ ಬೆಳಗಿನವರೆಗೂ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ. ಹರಕೆಯನ್ನು ಆಮೇಲೆ ತೀರಿಸಬಹುದು, ದೇವರು ಎಲ್ಲಿಗೂ ಹೋಗುವುದಿಲ್ಲ.

ಆ ಶ್ರೀಮಂತ ಕೊಟ್ಟ ಮಾತು ಏನಾಯಿತು? ಜವಳಕ್ಕೆ ಮೊದಲೇ ಕಬ್ಬಿಣ ಸೋಕಿತು. ಮಾತು ಮುರಿಯಿತು.