ಆರಾದ ಮೇಲೆ ಮೂರು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಊದಿದ ಕೆನ್ನೆ ಹಿಡಿದು ಕೂತಿದ್ದ ಲಾರಿ ಡ್ರೈವರ್, ಪಕ್ಕದ ಬೆಂಚಿನ ಅಣ್ಣ-ತಂಗಿಯ ಜಗಳಕ್ಕೆ ಕಿವಿಗೊಟ್ಟು ತನ್ನ ನೋವನ್ನೇ ಮರೆತಿದ್ದ.

"ಆ ಸಂಖ್ಯೆಗಳ ಸಾಲು ನಂದು. ಕಾಲೇಜಿನ ಸಭೇಲಿ ನಿಂದು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ಲಿಲ್ವಾ ಅಣ್ಣಾ?"

"ಮೆಲ್ಲಗೆ ಮಾತಾಡೇ. ಇಬ್ರೂ ಸೇರಿ ಮಾಡಿದ್ದಲ್ವಾ?"

"ನೀನೇನ್ ಮಾಡ್ದೆ, ಮಣ್ಣು? ಪಕ್ಕಪಕ್ಕದ ಎರಡು ಸಂಖ್ಯೆಗೂ ಒಂದಾದ್ರೂ ಸಮಾನ ಅವಿಭಾಜ್ಯ ಅಪವರ್ತನ ಇರ್ಬೇಕು, ಬಂದದ್ದು ಮತ್ತೆ ಬರ್ಬಾರ್ದು, ಉಳಿದದ್ರಲ್ಲಿ ಚಿಕ್ಕದನ್ನೇ ತಗೋಬೇಕು. ಮೂರು ನಿಯಮಾನೂ ನಂದೇ."

"ಆಯ್ತು, ತಪ್ಪಾಯ್ತು."

"ಎರಡು, ನಾಲ್ಕು, ಆರಾದ ಮೇಲೆ ಮೂರು ಯಾಕೆ ಅಂತ ಕೇಳಿದ್ರಂತಲ್ಲ, ಏನಂದೆ?"

"ಏನೋ ಒಂದು ಹೇಳ್ದೆ, ಬಿಡೇ."

"ನಕಲು ಮಾಡೋವಾಗ ತಂಗಿ ತಪ್ಪು ಬರ್ದಿದಾಳೆ ಅಂದ್ಯಂತೆ! ಎರಡು ಮೂರಲೆ ಆರು. ಎರಡು, ನಾಲ್ಕು ಆಗ್ಲೇ ಬಂದಾಗಿದೆ; ಇನ್ನು ಚಿಕ್ಕದು ಮೂರೇ ತಾನೇ? ಚಪ್ಪಾಳೆ ನಿಂಗೆ, ತಪ್ಪು ನಂಗಾ?"

"ಅಷ್ಟು ಜನರ ಮುಂದೆ ನಿಜ ಹೇಳೋಕೆ ಬಾಯೇ ಬರ್ಲಿಲ್ಲ ಕಣೇ."

ಅಷ್ಟರಲ್ಲಿ ನರ್ಸ್ ಬಂದು ಅಣ್ಣನನ್ನು ಒಳಗೆ ಕರೆದಳು. ತಂಗಿ ಚೀಲವನ್ನು ಹೆಗಲಿಗೇರಿಸಿ ಎದ್ದಳು.

"ಹೋಗು. ಅಲ್ಲಾದ್ರೂ ಬಾಯಿ ಬಿಡು," ಎಂದವಳೇ ದಡದಡನೆ ಮೆಟ್ಟಿಲಿಳಿದು ಹೋದಳು.