ಮುದ್ದೆ ಅಗಿದವಳು

...ನಗಬೇಡ ಕಣಕ್ಕಾ! ನಕ್ಕರೆ ಕೈ ಅಲ್ಲಾಡುತ್ತೆ, ಕೈ ಅಲ್ಲಾಡಿದ್ರೆ ಮುದ್ದೆ ಗಂಟಾಗುತ್ತೆ. ತಿರುವು, ತಿರುವು... ನಾನು ನಿಜಾನೇ ಯೋಳ್ತಿದ್ದೀನಿ. ಉಗಾಂಡದಲ್ಲಿ, ಆ ಕಂಪಾಲಾದಲ್ಲಿ ಈ ನಿನ್ನ ತಮ್ಮ ಸೊಣ್ಣಪ್ಪನ್ನ ಕಂಡ್ರೆ ಜನ ಎದ್ದು ನಿಲ್ತಾರೆ. ಮಿಸ್ಟರ್ ಸನ್ನಿ ಅಂತಾರೆ. ಇನ್ವೆಸ್ಟರ್ ಅಂತಾರೆ! ಇನ್ವೆಸ್ಟರ್ ಅಂದ್ರೆ... ಎಂಗೆ ಯೋಳ್ಲಿ ನಿನಗೆ... ನೀನು ಶೆಡ್ಡು ಬಾಡಿಗೆಗೆ ಕೊಟ್ಟು ಕೂತ್ಕೊಳ್ತೀಯಲ್ಲ, ಅಂಗೆ ನಾನು ಅಲ್ಲಿನ ಉಡುಗ್ರ ಐಡಿಯಾಗಳ ಮೇಲೆ ದುಡ್ಡಾಕಿ ಕೂತ್ಕೊಳ್ತೀನಿ. ಕಂಪ್ನಿ ಬೆಳೆದ್ರೆ ನನಗೂ ಒಂದು ಪಾಲು. ಬೆಳೀದೆ ಇದ್ರಾ? ಇದೇ, ನಿನ್ನ ಅಡಿಗೆಮನೇಲಿ ಮಣೆ ಮೇಲೆ ಕೂತ್ಕೊಂಡು ನಿನ್ನ ಕೈಲಿ ನಗಿಸ್ಕೊಳ್ಳೋದು.

ಏನು? ಕಿಟಕಿ ಕಡೆ ಯಾಕೆ ನೋಡ್ತೀಯ? ಬರ್ತಾಳೆ, ಬರ್ತಾಳೆ. ಇಂದ್ಗಡೆ ಶೆಡ್ಡಲ್ಲಿ ನಿನ್ನ ಬಾಡಿಗೆಯೋನು ಪ್ರಸನ್ನನ ಜೊತೆ ಜರಡಿ ತೂತು ಅಳೀತಾ ನಿಂತವಳೆ. ಆ ಪ್ರೆಸ್ಸು ಮಿಷನ್ನು ದಢಾರ್ ದಢಾರ್ ಅಂತಿದ್ರೂ ಒಂಚೂರು ಬೆಚ್ಚಲ್ಲ ನೋಡು. ಗ್ರೇಸ್ ಅಮೊಂಗಿನ್ ಅಂತ ಎಸ್ರು. ಅ-ಮೊಂ-ಗಿನ್. ನಾಲಿಗೆ ತಿರುಗಲ್ವಾ? ಗ್ರೇಸಮ್ಮ ಅನ್ನು, ಸಾಕು. ಉಗಾಂಡದ ಸೊರೋಟಿ ಕಡೆಯೋಳು, ಇಂಜಿನಿಯರು. ನಾನು ದುಡ್ಡಾಕಬೇಕು ಅಂತಿರೋ ಕಂಪ್ನಿ ಅವಳದ್ದು. ಅಷ್ಟೇ. ಅದಕ್ಕೇ ಕರ್ಕೊಂಡು ಬಂದಿರೋದು. ನೀನು ಮುದ್ದೆ ಬಡಿಸ್ತೀಯ, ಅವಳು ತಿಂತಾಳೆ, ನೀನು ನೋಡ್ತೀಯ. ಸರಿ ಅಂದ್ರೆ ಮುಂದುಕ್ಕೆ ಓಗ್ತೀನಿ. ಬೇಡ ಅಂದ್ರೆ... ಬೇಡ ಅನ್ನಬೇಡ ಕಣಕ್ಕಾ.

ಯಾಕೆ ಅಂಗೆ ಕಣ್ಣು ಬಿಡ್ತೀಯ? ನೀವೇ ತಾನೇ ಕಲಿಸಿದ್ದು? ಈ ಪೀಣ್ಯದಲ್ಲಿ ನಮ್ಮ ರಾಗಿ ಒಲ ಶೆಡ್ಡಾದಾಗ, ಬಾಡಿಗೆ ಕೇಳ್ಕೊಂಡು ಬಂದೋರ್ನೆಲ್ಲ ಅಪ್ಪ ಮೊದ್ಲು ಊಟಕ್ಕೆ ಕೂರಿಸ್ತಿತ್ತು. ಅಪ್ಪ ತೀರ್ಕೊಂಡಮೇಲೆ ನೀನು. ಮುದ್ದೆ, ಬಸ್ಸಾರು. ಅಗೀದೆ ನುಂಗಿದ್ರೆ ಬಡಿಸಿದ ಕೈ ಮೇಲೆ ನಂಬಿಕೆ ಇರೋ ಆಸಾಮಿ, ಶೆಡ್ಡು ಅವನಿಗೆ. ಅಗಿದ್ರೆ, 'ಯೋಳಿ ಕಳಿಸ್ತೀವಿ ಓಗಪ್ಪ.' ಕಾಗದ ಪತ್ರ ಏನೂ ನೋಡ್ತಿರ್ಲಿಲ್ಲ ನೀವು, ಗಂಟಲು ನೋಡ್ತಿದ್ರಿ! ಆದ್ರೆ ಎಷ್ಟು ಚೆನ್ನಾಗಿ ನುಂಗಿದ್ರೂ ಬಾಡಿಗೆಯೋರಿಗೆ ತುಪ್ಪ ಇಲ್ಲ. ಮುದ್ದೆ ನಡುವೆ ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಡೋದು ಮನೇವ್ರಿಗೆ ಮಾತ್ರ. ಇವತ್ತಿಗೂ ಅಂಗೇ ತಾನೇ? ಜಿಪುಣಿ... ಸರಿ, ಸರಿ! ಮುದ್ದೆಕೋಲು ಕೆಳಗಿಡು!

ಅದೇ ವಿದ್ಯೆ ಕಂಪಾಲಾಕ್ಕೆ ಒತ್ಕೊಂಡು ಓದೆ ನೋಡು. ಇಲ್ಲಿಂದ ಮಿಷನ್ನು ಕೂರಿಸೋಕೆ ಅಂತ ಓದೋನು, ಅಲ್ಲೇ ಬಿಡಿಭಾಗದ ಅಂಗಡಿ ಇಟ್ಟೆ, ನಾಲ್ಕು ಕಾಸು ಕಂಡೆ. ಕಟ್ಕೊಂಡೋಳು ಭದ್ರಮ್ಮ ತೀರ್ಕೊಂಡಮೇಲೆ ಮನೆ ಬಿಕೋ ಅಂತಿತ್ತು. ಅವಾಗ ಶುರುವಾಯ್ತು ಈ ಸ್ಟಾರ್ಟಪ್ಪು ಉಡುಗ್ರ ಸಾವಾಸ. ಬರೋರು, ಲ್ಯಾಪ್‌ಟಾಪ್ ಬಿಚ್ಚೋರು. ಮುಚ್ಚಪ್ಪಾ ಅದನ್ನ, ಮೊದ್ಲು ಊಟ ಮಾಡು ಅಂತಿದ್ದೆ. ಒಬ್ಬ ಬಂದ, ಮುದ್ದೆ ನುಂಗ್ದ, ದುಡ್ಡು ಕೊಟ್ಟೆ. ಇನ್ನೊಬ್ಬ ಬಂದ, ನುಂಗ್ದ, ಕೊಟ್ಟೆ. ಬಂದೋರೆಲ್ಲ ನುಂಗ್ತಾರೆ! ಅಬ್ಬಾ, ಎಂಥಾ ದೇಶ, ಎಲ್ಲಾ ನಂಬಿಕಸ್ತರೇ ಅಂತ ಕುಣಿದಾಡ್ಬಿಟ್ಟೆ ನಾನು.

ಆಮೇಲೆ ಗೊತ್ತಾಯ್ತು... ನಗಬೇಡ ಅಂದ್ನಲ್ಲ... ರಾಗಿ ಅವ್ರದ್ದೇ ಕಣಕ್ಕಾ! ನಮಗಿಂತ ಮೊದ್ಲಿಂದ ತಿಂತಾವ್ರೆ. ಕಾಲೋ ಅಂತಾರೆ ಮುದ್ದೆಗೆ. ಅಲ್ಲಿ ಸಣ್ಣ ಮಗೂನೂ ಗುಳುಕ್ ಅಂತ ನುಂಗುತ್ತೆ! ಮೀನಿಗೆ ಈಜು ಬರುತ್ತಾ ಅಂತ ಪರೀಕ್ಷೆ ಮಾಡಿ ಬಹುಮಾನ ಕೊಟ್ಟಂಗಾಯ್ತು ನನ್ನ ಕತೆ. ಒಬ್ಬ ಟೊಮೇಟೊ ತಣ್ಣಗಿಡೋ ಪೆಟ್ಟಿಗೆ ಮಾಡ್ದ. ಸಂತೆ ಮುಟ್ಟೋ ಒತ್ಗೆ ಒಳಗೆ ಗೊಜ್ಜು ರೆಡಿ! ಇನ್ನೊಬ್ಬನದು ಬಿಸಿಲಲ್ಲಿ ಚಾರ್ಜ್ ಆಗೋ ದೀಪ. ಮಧ್ಯಾನ್ನವೆಲ್ಲ ಜಗಜಗ ಉರಿಯೋದು, ಸರಿಯಾಗಿ ಕತ್ತಲಾಗ್ತಿದ್ದಂಗೆ ಆರೋದು!

ಉಡುಗ್ರ ತಪ್ಪಲ್ಲ ಬಿಡು. ಬುದ್ಧಿವಂತ್ರೇ, ಎರಡನೇ ಸಲ ಮಾಡಿ ಗೆದ್ದೋರೂ ಅವ್ರೆ. ನಾನೇ ಅವರ ಕೆಲಸ ನೋಡ್ಲಿಲ್ಲ, ಒಂದು ಪ್ರಶ್ನೆ ಕೇಳ್ಲಿಲ್ಲ. ದೊಡ್ಡ ದೊಡ್ಡ ಓಟ್ಲಲ್ಲಿ ಸಭೆ ಮಾಡ್ತಾರಕ್ಕಾ, ಸೂಟು ಆಕ್ಕೊಂಡೋರು ಎದ್ದು ನಿಂತು 'ಆಫ್ರಿಕಾ ಉದ್ಧಾರ ಮಾಡ್ತೀವಿ' ಅಂತ ಭಾಷಣ ಬಿಗೀತಾರೆ. ನನಗೆ ನಗು ತಡಿಯೋಕಾಗಲ್ಲ. ನಾನ್ಯಾರನ್ನ ಉದ್ಧಾರ ಮಾಡ್ದೆ? ಆ ಉಡುಗ್ರು ಸಾಯಂಕಾಲ ಬಂದು ನನ್ನ ಜೊತೆ ಜಗಳ ಆಡ್ದೆ ಇದ್ದಿದ್ರೆ ನಾನು ಆ ಮನೇಲಿ ಗೋಡೆ ಜೊತೆ ಮಾತಾಡ್ಕೊಂಡು ಕೂತಿರ್ತಿದ್ದೆ.

ಆಗ ಬಂದ್ಲು ಇವಳು. ಒಂದು ತುತ್ತು ಬಾಯಿಗಿಟ್ಲು... ಅಗಿದ್ಲು! ಊಂ, ಅಗಿದ್ಲು! ಊಟ ಆದ್ಮೇಲೆ ಎಲೆಅಡಿಕೆ ಅಗಿಯೋರಂಗೆ, ನನ್ನ ಮುಖಾನೇ ನೋಡ್ತಾ, ನಿಧಾನಕ್ಕೆ. ಯೋಳಿ ಕಳಿಸ್ತೀವಿ ಓಗಮ್ಮ ಅನ್ನೋಕೆ ನಾನು ಬಾಯಿ ತೆಗಿಯೋಷ್ಟ್ರಲ್ಲಿ ಕಟಕ್ ಅಂತು. ಬಾಯಿಂದ ಒಂದು ಕಲ್ಲು ತೆಗೆದು ನನ್ನ ತಟ್ಟೆ ಪಕ್ಕಕ್ಕಿಟ್ಲು. 'ಮಿಸ್ಟರ್ ಸನ್ನಿ, ನೀವೆಲ್ಲ ನುಂಗ್ಬಿಡ್ತೀರ, ಅದಕ್ಕೇ ರಾಗೀಲಿ ಕಲ್ಲಿರೋದು ನಿಮಗೆ ಗೊತ್ತೇ ಆಗಲ್ಲ. ಆ ಕಲ್ಲು ತೆಗಿಯೋ ಮಿಷನ್ನು ನನ್ನತ್ರ ಇದೆ' ಅಂದ್ಲು. ನನಗೆ ನಾಚಿಕೆ ಆಗ್ಬೇಕಿತ್ತು, ಖುಷಿ ಆಗೋಯ್ತಕ್ಕಾ! ಬೈಕ್ ಮೇಲೆ ಊರೂರಿಗೆ ಓಗೋ ಮಿಷನ್ನು. ಒಂದು ಫೋನ್ ಮಾಡಿದ್ರೆ ಸಾಕು, ಕಣದತ್ರಾನೇ ಬರುತ್ತೆ. ಜರಡಿ ಒಂದು ಸರಿಯಾಗಿ ಕೂರ್ತಿಲ್ಲ, ಪೀಣ್ಯದಲ್ಲಿ ಆಗದ ಜರಡಿ ಯಾವುದಿದೆ ಬಾ ಅಂತ ಕರ್ಕೊಂಡು ಬಂದೆ. ಇವತ್ತೂ ಅಗೀತಾಳೆ, ಮೊದ್ಲೇ ಯೋಳಿರ್ತೀನಿ. ಅಗಿದ್ಲು ಅಂತ ಕಳಿಸ್ಬಿಡ್ಬೇಡ ತಾಯೀ. ಅವಳ ತಲೇಲಿ ಬೇರೇನೂ ಇಲ್ಲ ಕಣಕ್ಕಾ, ನಿದ್ದೇಲೂ ತೂತಿನ ಅಳತೆ ಗೊಣಗ್ತಿರ್ತಾಳೆ...

ಏನು? ಎಂಗೆ ಗೊತ್ತು ಅಂದ್ರೆ... ಅವಳೇ ಯೋಳಿದ್ದು! ನಿದ್ದೆ ಮಾಡ್ತಿರೋಳು ಎಂಗೆ... ಅವಳ ತಂಗಿ ಯೋಳಿದ್ದು. ಯಾರೋ ಯೋಳಿದ್ದು ಕಣಕ್ಕಾ, ಮುದ್ದೆ ತಳ ಇಡೀತು ನೋಡು!

ತಲೆ ಯಾಕೆ ನೋಡ್ತೀಯ? ಬಣ್ಣ ಅಲ್ಲ... ಬಣ್ಣಾನೇ. ವ್ಯಾಪಾರಸ್ತ ಅಂದಮೇಲೆ ಅಚ್ಚುಕಟ್ಟಾಗಿರ್ಬೇಡ್ವಾ? ಈ ಶರಟಾ? ಗ್ರೇಸ್ ಆರಿಸಿದ್ದು... ಅಂದ್ರೆ, ಅಂಗಡೀಲಿ ಅವಳೂ ಇದ್ಲು. ನಮ್ಮ ಮನೆ ಪಕ್ಕದಲ್ಲೇ ಆ ಅಂಗಡಿ. ನಮ್ಮ ಅಂದ್ರೆ ನನ್ನ. ನನ್ನ ಮನೆ. ಏನಾದ್ರೂ ಮಾತಾಡಕ್ಕಾ... ಇಷ್ಟೊತ್ತು ಕಿಸಕಿಸ ನಗ್ತಿದ್ದೋಳು ಯಾಕೆ ಸುಮ್ಕಾಗ್ಬಿಟ್ಟೆ? ಬೈಯಾದ್ರೂ ಬೈ. ಅಪ್ಪನೂ ಇಂಗೇ ಸುಮ್ನಿರ್ತಿತ್ತು, ನಾನೇ ಇರೋಬರೋದೆಲ್ಲ ಕಕ್ತಿದ್ದೆ.

ಸರಿ, ಮುದ್ದೆ ಕಟ್ಟು. ನಿನ್ನ ಪಾಡಿಗೆ ಕಟ್ಟು. ಕೈ ನೀರಲ್ಲಿ ಅದ್ಕೋ, ಸುಡುತ್ತೆ. ಆ ಸ್ಟೀಲ್ ತಟ್ಟೆ ಅವಳಿಗಾ? ಆಗ್ಲಿ... ಅಕ್ಕಾ. ಅದು ಅವಳ ತಟ್ಟೆ. ಅವಳ ಮುದ್ದೇಲಿ ಯಾಕೆ ಗುಳಿ ಮಾಡ್ತಿದ್ದೀಯ? ತುಪ್ಪದ ಡಬ್ಬಿ ಯಾಕಕ್ಕಾ? ಕಂಪ್ನಿ ಕೆಲಸಕ್ಕೆ ಅಂತ ಬಂದೋಳು ಅವಳು, ಅವಳಿಗೆ...

ಅವಳಿಗೆ...

ಊಂ. ಓದ ಮಳೆಗಾಲದಲ್ಲಿ. ಅಲ್ಲಿನ ರಿಜಿಸ್ಟರ್ ಆಫೀಸಲ್ಲಿ ಮದ್ವೆ ಆದ್ವಿ. ಭದ್ರಮ್ಮನ್ನ ನೋಡಿ ಒಪ್ಪಿ ತಂದೋಳು ನೀನು. ಅವಳು ತೀರ್ಕೊಂಡಾಗ ನನಗಿಂತ ಜಾಸ್ತಿ ಅತ್ತೋಳೂ ನೀನೇ. ಆ ಜಾಗಕ್ಕೆ ಇನ್ನೊಬ್ಬಳು ಬಂದ್ಲು ಅಂತ ನಿನಗೆ ಫೋನಲ್ಲಿ ಎಂಗೆ ಯೋಳ್ಲಿ? ಎದುರಿಗೇ ಯೋಳ್ಬೇಕು ಅಂತ ಬಂದೆ, ಎದುರಿಗೆ ಬಂದ್ರೂ ಬಾಯಿ ಬರ್ಲಿಲ್ಲ. ಈ ವಯಸ್ಸಲ್ಲೂ ನಿನ್ನ ಕಂಡ್ರೆ ಭಯ ಕಣಕ್ಕಾ ನನಗೆ. ನೀನು ಅವಳನ್ನ ಒರಗಿನೋಳು ಅಂದ್ಬಿಟ್ರೆ ನಾನು ಎತ್ತ ಓಗ್ಲಿ?

ತುಪ್ಪ ಸುರೀತಾನೇ ಇದ್ದೀಯಲ್ಲ! ಸಾಕು, ಸಾಕು, ತಟ್ಟೆಗೆಲ್ಲ ಅರೀತು... ನೋಡು, ಬಾಗ್ಲತ್ರ ಚಪ್ಪಲಿ ಬಿಟ್ಲು. ಬಾ ಗ್ರೇಸ್, ಬಾ, ಕೂತ್ಕೋ! ಇಲ್ನೋಡು, ಅಕ್ಕ ನಿನಗೆ ಏನು ಬಡಿಸವ್ಳೆ ಅಂತ!

ಅಕ್ಕಾ? ಇದು ನನ್ನ ತಟ್ಟೆ ತಾನೇ? ಇದ್ರಲ್ಲಿ ಗುಳೀನೂ ಇಲ್ಲ, ತುಪ್ಪಾನೂ ಇಲ್ಲ... ಡಬ್ಬಿ ಮುಚ್ಬೇಡ, ತಡಿ... ಅಕ್ಕಾ! ನಾನೇನು ಬಾಡಿಗೆಯೋನಾ?